ನನ್ನ ಸೊಸೆ ಲಾಗ್ ಅಳಿಸಲಿಲ್ಲ

ನಾನು ನನ್ನ ಸೊಸೆಯನ್ನು ಹೊಗಳಿದರೆ ಕೇಳಿದವರು ನನ್ನ ಮುಖವನ್ನೇ ದಿಟ್ಟಿಸುತ್ತಾರೆ. ಅತ್ತೆ ಸೊಸೆಯನ್ನು ಹೊಗಳಿದಳು ಅಂದರೆ ಒಳಗೇನೋ ಮಸಲತ್ತು ಇರಬೇಕು ಅಂತ ಅವರ ಎಣಿಕೆ. ಇರಲಿ. ನನಗೆ ಅರವತ್ತೊಂಬತ್ತಾಯಿತು. ಅದರಲ್ಲಿ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರವರ ಮಾತನ್ನು ಆ ಕಡೆಯಿಂದ ಈ ಕಡೆಗೆ ದಾಟಿಸಿದ್ದೇನೆ. ಯಾರ ಮಾತಿಗೆ ಎಷ್ಟು ತೂಕ ಅಂತ ಧ್ವನಿ ಕೇಳಿಯೇ ಹೇಳಬಲ್ಲೆ. ಆ ಮಂಗಳವಾರ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಡೆದದ್ದನ್ನು ಕಿವಿಯಾರೆ ಕೇಳಿದ್ದೇನೆ, ಹಾಗಾಗಿ ಹೇಳುತ್ತೇನೆ.

ಅದಕ್ಕೆ ಹದಿಮೂರು ದಿನ ಮುಂಚೆ ಸೊಸೆ ಆಫೀಸಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ಪಾದದಿಂದ ಮೊಣಕಾಲಿನವರೆಗೆ ಪ್ಲಾಸ್ಟರ್. ಕಿಟಕಿಯ ಪಕ್ಕ ಮೇಜು ಹಾಕಿ, ಒಂದರ ಮೇಲೊಂದು ಎರಡು ದಿಂಬಿಟ್ಟ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಅಲ್ಲಿಂದಲೇ ಕೆಲಸ ಮಾಡುತ್ತಿದ್ದಳು. ನನ್ನ ಮಗ ಲಿಫ್ಟ್ ರಿಪೇರಿ ಮಾಡುವವನು, ಬೆಳಗ್ಗೆ ಆರಕ್ಕೇ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಾನೆ. ಆಮೇಲೆ ಮನೆಯಲ್ಲಿ ನಾವಿಬ್ಬರೇ. ಮೊದಲ ಮೂರು ದಿನ ಇಬ್ಬರೂ ಹೊಸ ನೆಂಟರ ಹಾಗೆ ಬಹಳ ಮರ್ಯಾದೆಯಿಂದ ನಡೆದುಕೊಂಡೆವು. ನಾಲ್ಕನೇ ದಿನ ಫ್ಯಾನ್ ಎಷ್ಟು ಜೋರು ತಿರುಗಬೇಕು ಅನ್ನುವುದಕ್ಕೆ ಜಗಳ ಆಯಿತು. ಅಲ್ಲಿಂದ ಮುಂದೆ ಎಲ್ಲ ಸಲೀಸು.

ಅವಳು ಏನು ಕೆಲಸ ಮಾಡುತ್ತಾಳೆ ಅಂತ ನನಗೆ ಸರಿಯಾಗಿ ತಿಳಿದದ್ದೇ ಆ ದಿನಗಳಲ್ಲಿ. ಯಾವ ಔಷಧಿ ಯಾವ ಅಂಗಡಿಯಲ್ಲಿ ಎಷ್ಟಿದೆ ಅಂತ ಹುಡುಕಿಕೊಡುವ ಸರ್ವರ್ ಅವಳ ಕೈಯಲ್ಲಿದೆ. ಸರ್ವರ್ ಅಂದರೆ ಒಂದಲ್ಲ, ಆರು ಯಂತ್ರ. ಪಟ್ಟಿ ಬಹಳ ದೊಡ್ಡದಾದ್ದರಿಂದ ಒಂದೊಂದು ಯಂತ್ರ ಒಂದೊಂದು ಪಾಲು ಹೊತ್ತುಕೊಂಡಿದೆ. ಡಾಕ್ಟರು ಹೆಸರು ಒತ್ತಿದರೆ ಆರೂ ಕೂಡಿ ಹುಡುಕಿ, ಇಂಥ ಬೀದಿಯ ಇಂಥ ಅಂಗಡಿಯಲ್ಲಿ ಎರಡು ಬಾಟಲಿ ಉಳಿದಿದೆ ಅಂತ ಹೇಳುತ್ತವೆ. ಇದೇ ಪಟ್ಟಿಯ ಅವಳಿಯೊಂದು ಬೇರೆ ಊರಿನಲ್ಲಿದೆ. ಇಲ್ಲಿ ಬೆಂಕಿ ಬಿದ್ದರೂ ಅಲ್ಲಿ ನಕಲು ಇರಲಿ ಅಂತ.

"ಈ ಲಾಗ್, ಲಾಗ್ ಅಂತೀಯಲ್ಲ, ಏನದು?" ಅಂತ ಒಂದು ದಿನ ಕೇಳಿದ್ದೆ.

"ಅಂಗಡಿಗಳಿಂದ ಸುದ್ದಿ ಬರ್ತಾನೇ ಇರುತ್ತೆ ಅತ್ತೆ. ಇದು ಮಾರಾಟ ಆಯ್ತು, ಅದು ಬಂತು ಅಂತ. ಬಂದ ತಕ್ಷಣ ಮೊದಲು ಲಾಗ್‌ನಲ್ಲಿ ಗೀಚ್ಕೋತೀವಿ. ಆಮೇಲೆ ದೊಡ್ಡ ಪಟ್ಟಿಗೆ ಅದರದರ ಜಾಗಕ್ಕೆ ಗಟ್ಟಿಯಾಗಿ ಸೇರಿಸ್ತೀವಿ. ಅದಕ್ಕೆ ಕಮಿಟ್ ಅಂತೀವಿ. ಕಮಿಟ್ ಆದ್ಮೇಲೆ ಗೀಚಿದ್ದು ಬೇಕಾಗಲ್ಲ, ಎಸೀಬಹುದು."

"ಮಧ್ಯದಲ್ಲಿ ಕರೆಂಟ್ ಹೋದ್ರೆ?"

"ಅದಕ್ಕೇ ಲಾಗ್ ಇರೋದು. ಎದ್ದ ಮೇಲೆ ಲಾಗ್ ಓದ್ಕೊಂಡು, ಬಿಟ್ಟಲ್ಲಿಂದ ಶುರು."

ನನಗೆ ತಟ್ಟನೆ ಅರ್ಥವಾಯಿತು. ನಮ್ಮಲ್ಲೂ ದೂರದ ಊರಿಗೆ ಟ್ರಂಕ್ ಕಾಲ್ ಬಂದರೆ ಮೊದಲು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆವು, ಪುರುಸೊತ್ತಾದಾಗ ರಿಜಿಸ್ಟರಿಗೆ ಏರಿಸಿ ಚೀಟಿ ಹರಿಯುತ್ತಿದ್ದೆವು. "ಅಷ್ಟೇನಾ? ಇದಕ್ಕೆ ಇಂಗ್ಲಿಷ್ ಬೇರೆ!" ಅಂದೆ. ಅವಳು ನಕ್ಕಳು.

ಆ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಚಹಾ ತೆಗೆದುಕೊಂಡು ಹೋದರೆ ಅವಳು ಲೋಟದ ಕಡೆ ತಿರುಗಲೂ ಇಲ್ಲ. ಪರದೆಯ ಮೇಲೆ ಆರು ಪಟ್ಟೆಗಳು, ಆರೂ ಕೆಂಪು. ಒಂದೊಂದರ ತುದಿಯಲ್ಲೂ ತೊಂಬತ್ತರ ಮೇಲಿನ ಅಂಕಿ.

"ಡಿಸ್ಕ್ ತುಂಬ್ತಾ ಇದೆ," ಅಂದಳು. "ಲಾಗ್ ಉಬ್ಬಿಬಿಟ್ಟಿದೆ. ಕಾಲು ಗಂಟೆಗೆ ನೂರಕ್ಕೆ ಒಂದಂಶ ಏರ್ತಿದೆ. ಹನ್ನೊಂದು ಗಂಟೆ ಹೊತ್ತಿಗೆ ಜಾಗವೇ ಇರಲ್ಲ."

"ಆಮೇಲೆ?"

"ಆಮೇಲೆ ಸುದ್ದಿ ತಗೊಳ್ಳೋದು ನಿಲ್ಲುತ್ತೆ. ಒಂದೊಂದೇ ಯಂತ್ರ ಮಲಗುತ್ತೆ. ಜನ ಔಷಧಿಗೆ ಅಂಗಡಿ ಅಂಗಡಿ ಸುತ್ತಬೇಕಾಗುತ್ತೆ."

ಅಷ್ಟರಲ್ಲಿ ಫೋನ್ ಬಂತು. ಅವಳ ಎರಡು ಕೈಯೂ ಕೀಬೋರ್ಡಿನ ಮೇಲಿದ್ದವು, ನಾನೇ ಸ್ಪೀಕರ್ ಒತ್ತಿದೆ. ಆ ಕಡೆ ಅವಳ ಮ್ಯಾನೇಜರ್. ಮನುಷ್ಯ ಕೆಟ್ಟವನಲ್ಲ, ಆದರೆ ಗಾಬರಿಯಾದಾಗ ಧ್ವನಿ ಏರುವ ಜಾತಿ. ಜೊತೆಗೆ ಆಫೀಸಿನ ಇನ್ನಿಬ್ಬರು. ಒಬ್ಬಳು ಹೊಸದಾಗಿ ಸೇರಿದ ಹೆಂಗಸು, ಎರಡು ಮಕ್ಕಳ ತಾಯಿ. ಹತ್ತು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬಂದಿದ್ದಾಳೆ ಅಂತ ಸೊಸೆ ಹೇಳಿದ್ದಳು. ಇನ್ನೊಬ್ಬ ಯಾರೋ ಕೆಮ್ಮುವವನು. ಆ ದಿನ ಅವನ ಬಾಯಿಂದ ಕೆಮ್ಮು ಬಿಟ್ಟು ಇನ್ನೇನನ್ನೂ ನಾನು ಕೇಳಲಿಲ್ಲ.

"ಲಾಗ್ ಫೈಲ್‌ಗಳನ್ನ ಅಳಿಸಿಬಿಡಮ್ಮ!" ಅಂದರು ಮ್ಯಾನೇಜರ್. "ಬರೀ ಲಾಗ್ ತಾನೆ? ಜಾಗ ಆಗುತ್ತೆ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕಾಗಲ್ಲ ಸಾರ್. ಇದು ಅಂಥ ಲಾಗ್ ಅಲ್ಲ. ಪಟ್ಟಿಗೆ ಇನ್ನೂ ಗಟ್ಟಿಯಾಗಿ ಸೇರದೆ ಇರೋದೆಲ್ಲ ಇದರಲ್ಲೇ ಇದೆ."

"ಹಾಗಾದ್ರೆ ರೀಸ್ಟಾರ್ಟ್ ಮಾಡು."

"ರೀಸ್ಟಾರ್ಟ್ ಮಾಡಿದ್ರೆ ಎದ್ದ ತಕ್ಷಣ ಇಷ್ಟೂ ಲಾಗನ್ನ ಮೊದಲಿಂದ ಓದುತ್ತೆ. ಏಳೆಂಟು ಗಂಟೆ. ಅಲ್ಲಿವರೆಗೂ ಹುಡುಕಾಟ ಬಂದ್."

"ಅದೂ ಬೇಡ, ಇದೂ ಬೇಡ ಅಂದ್ರೆ ಏನು ಮಾಡ್ತೀಯಾ?"

"ಯಾಕೆ ಉಬ್ಬಿದೆ ಅಂತ ಮೊದಲು ನೋಡ್ತೀನಿ. ಹತ್ತು ನಿಮಿಷ ಕೊಡಿ."

ಅವಳು ಗಟ್ಟಿಯಾಗಿಯೂ ಹೇಳಲಿಲ್ಲ, ಮೆತ್ತಗೂ ಹೇಳಲಿಲ್ಲ. ನನಗೆ ಆ ಧ್ವನಿ ಹಿಡಿಸಿತು. ನಮ್ಮ ಎಕ್ಸ್‌ಚೇಂಜಿನಲ್ಲಿ ಹತ್ತು ಲೈನು ಒಟ್ಟಿಗೆ ಮಿನುಗುವಾಗ ಹೀಗೆ ಮಾತಾಡುವವರು ನೂರಕ್ಕೆ ಇಬ್ಬರೂ ಸಿಗುತ್ತಿರಲಿಲ್ಲ.

ಹತ್ತು ನಿಮಿಷ ಬೇಕಾಗಲಿಲ್ಲ. ಆರೇಳು ನಿಮಿಷಕ್ಕೆ ಅವಳ ಬೆರಳು ನಿಂತವು. ಪರದೆಯ ಮೇಲಿನ ಒಂದು ಸಾಲನ್ನೇ ನೋಡುತ್ತ ಕೂತಳು. ಕಿವಿಯ ತುದಿ ಕೆಂಪಾಯಿತು.

"ಸಿಕ್ತಾ?" ಅಂದರು ಮ್ಯಾನೇಜರ್.

"ಸಿಕ್ತು ಸಾರ್. ತಾನಾಗೇ ಕಮಿಟ್ ಆಗೋ ಸೆಟ್ಟಿಂಗ್ ಆಫ್ ಆಗಿದೆ. ಹದಿಮೂರು ದಿನದಿಂದ ಒಂದು ಕಮಿಟ್ಟೂ ಆಗಿಲ್ಲ."

"ಹದಿಮೂರು ದಿನ! ಯಾರು ಆಫ್ ಮಾಡಿದ್ದು?"

ಯಾರೂ ಮಾತಾಡಲಿಲ್ಲ. ಕೆಮ್ಮುವವನೂ ಕೆಮ್ಮಲಿಲ್ಲ. ಆ ಕಡೆ ಕಾಗದ ಮಗುಚುವ ಸದ್ದು ಬಂತು.

"ಹದಿಮೂರು ದಿನದ ಹಿಂದೆ ಮಧ್ಯಾಹ್ನ ಡ್ಯೂಟಿಯಲ್ಲಿದ್ದದ್ದು..." ಅಂತ ಎಳೆದರು ಮ್ಯಾನೇಜರ್, "ನೀವಲ್ವೇನಮ್ಮಾ, ಹೊಸಬರು?"

"ಸಾರ್, ನಾನು... ನನಗೆ ನೆನಪಿಲ್ಲ ಸಾರ್, ನಾನು ಮುಟ್ಟಿದ ಹಾಗಿಲ್ಲ..." ಅಂದಳು ಆ ಹೆಂಗಸು. ಮಾಡದ ತಪ್ಪಿಗೂ, ಮಾಡಿರಬಹುದೇನೋ ಅಂತ ಹೆದರುವವರ ಧ್ವನಿ ಅದು.

ಇಲ್ಲಿ ನಾನು ಒಂದು ಮಾತು ಹೇಳಬೇಕು. ಹೇಳದಿದ್ದರೆ ಮುಂದಿನದು ನಿಮಗೆ ಬರೀ ಕಂಪ್ಯೂಟರಿನ ಕಥೆಯಾಗಿಬಿಡುತ್ತದೆ.

ನಾನು ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ ಒಂದು ಮಧ್ಯಾಹ್ನ, ತೂಕಡಿಕೆಯಲ್ಲಿ ನನ್ನ ಬೋರ್ಡಿನಿಂದ ತಪ್ಪು ಪ್ಲಗ್ ಕಿತ್ತೆ. ಆಸ್ಪತ್ರೆಯಿಂದ ಡಾಕ್ಟರ ಮನೆಗೆ ಹೋಗುತ್ತಿದ್ದ ಕರೆ ತುಂಡಾಯಿತು. ಮತ್ತೆ ಸಿಗುವಷ್ಟರಲ್ಲಿ ಇಪ್ಪತ್ತು ನಿಮಿಷ. ರೋಗಿಗೆ ಪುಣ್ಯಕ್ಕೆ ಏನೂ ಆಗಲಿಲ್ಲ, ಆದರೆ ದೂರು ಬಂತು. ಸೂಪರ್‌ವೈಸರ್ ಬಂದು ಸಾಲಾಗಿ ಕೂತ ನಮ್ಮನ್ನೆಲ್ಲ ನೋಡಿ, ನನ್ನ ಪಕ್ಕದ ಬೋರ್ಡಿನವಳನ್ನು ಕೇಳಿದಳು, "ನೀನು ತಾನೆ?" ಅವಳು ಹೊಸಬಳು. ಅಲ್ಲ ಅನ್ನುವಷ್ಟು ಧೈರ್ಯವೂ ಇರಲಿಲ್ಲ. ನನ್ನ ಕಡೆ ಒಂದೇ ಒಂದು ಸಲ ನೋಡಿದಳು. ನಾನು ಹೆಡ್‌ಫೋನ್ ಸರಿಮಾಡಿಕೊಂಡೆ. ಅವಳನ್ನು ಬೋರ್ಡಿನಿಂದ ಎಬ್ಬಿಸಿ ಹಳೇ ಕಾಗದದ ಕೋಣೆಗೆ ಹಾಕಿದರು. ಎರಡು ವರ್ಷ ಅಲ್ಲೇ ಧೂಳು ಕುಡಿದಳು.

ಹಾಗಾಗಿ ಆ ಫೋನಿನಲ್ಲಿ ಮೌನ ಬಿದ್ದಾಗ ನಾನು ಹೆದರಿದ್ದು ಸೊಸೆಗೋಸ್ಕರವೋ, ನನಗೋಸ್ಕರವೋ ಗೊತ್ತಿಲ್ಲ. ಆ ಮೌನ ಎಷ್ಟು ಉದ್ದ ಇರುತ್ತದೆ ಅಂತ ನನಗೆ ಗೊತ್ತಿತ್ತು. ಅದರಲ್ಲಿ ಒಬ್ಬಳು ಆರಾಮಾಗಿ ಇಡೀ ಜೀವಮಾನ ಅಡಗಿ ಕೂರಬಹುದು.

ನನ್ನ ಸೊಸೆ ಮೂರು ಉಸಿರು ಕೂಡ ತೆಗೆದುಕೊಳ್ಳಲಿಲ್ಲ.

"ಅವರಲ್ಲ ಸಾರ್. ನಾನು. ಆ ದಿನ ಎಲ್ಲಾ ಅಂಗಡಿಗಳ ಹಳೇ ಪಟ್ಟಿ ಒಟ್ಟಿಗೆ ತುಂಬಬೇಕಿತ್ತಲ್ಲ? ಬೇಗ ಆಗಲಿ ಅಂತ ನಾನೇ ಆಫ್ ಮಾಡಿದ್ದೆ. ಮುಗಿದ ಮೇಲೆ ಆನ್ ಮಾಡೋಣ ಅಂತ. ಅಷ್ಟರಲ್ಲಿ ಮೆಟ್ಟಿಲಲ್ಲಿ ಬಿದ್ದೆ, ಮರೆತೆ. ಪೂರ್ತಿ ನನ್ನದೇ ತಪ್ಪು."

ಆ ಕಡೆಯಿಂದ ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ಹೊಸ ಹೆಂಗಸೇ ಇರಬೇಕು. ಮ್ಯಾನೇಜರ್ ಏನೋ ಹೇಳಲು ಹೊರಟರು, ಇವಳು ಬಿಡಲಿಲ್ಲ. "ಬೈಯೋದು ಸಂಜೆಗೆ ಇಟ್ಕೊಳ್ಳಿ ಸಾರ್. ಈಗ ಒಂದೊಂದೇ ಯಂತ್ರಕ್ಕೆ ಕೈಯಾರೆ ಕಮಿಟ್ ಕೊಡ್ತೀನಿ. ಆರಕ್ಕೂ ಒಟ್ಟಿಗೆ ಕೊಟ್ರೆ ಹುಡುಕಾಟ ನಿಂತೇ ಹೋಗುತ್ತೆ."

ನಾನು ಅಲ್ಲಿಂದ ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಕೆಲಸವೇನೂ ಇರಲಿಲ್ಲ. ನಲ್ಲಿ ತಿರುಗಿಸಿ ಸುಮ್ಮನೆ ಕೈ ತೊಳೆದುಕೊಂಡೆ.

ವಾಪಸು ಬಂದಾಗ ಐದು ಯಂತ್ರ ಮುಗಿದು ಆರನೆಯದು ನಡೆಯುತ್ತಿತ್ತು. ಅದೂ ಆಯಿತು. ಎಲ್ಲರೂ ಅಂಕಿ ಇಳಿಯಲು ಕಾದರು. ಅಂಕಿ ಇಳಿಯಲಿಲ್ಲ. ತೊಂಬತ್ತಾರು ಇದ್ದದ್ದು ತೊಂಬತ್ತಾರೇ.

"ಏನಮ್ಮಾ ಇದು?" ಮ್ಯಾನೇಜರ್ ಧ್ವನಿ ಮತ್ತೆ ಏರಿತು.

"ಒಂದು ಗೆದ್ದಿದೀವಿ ಸಾರ್, ಎಲ್ಲ ಪಟ್ಟಿಗೆ ಸೇರಿತು. ಈಗ ಯಂತ್ರ ಬಿದ್ದರೂ ಒಂದು ಅಕ್ಷರ ಹೋಗಲ್ಲ. ಆದರೆ ಹಳೇ ಲಾಗನ್ನ ಯಾವುದೋ ಹಿಡ್ಕೊಂಡಿದೆ, ಬಿಡ್ತಿಲ್ಲ." ಅವಳು ತುಟಿ ಕಚ್ಚಿಕೊಂಡಳು. ಆಮೇಲೆ ಹಣೆಗೆ ಕೈ ಹೊಡೆದುಕೊಂಡಳು. "ಅವಳಿ! ಆ ಊರಿನ ಅವಳಿ ಯಂತ್ರಗಳನ್ನ ಹೊಸ ಕಟ್ಟಡಕ್ಕೆ ಸಾಗಿಸ್ತಾ ಇದಾರಲ್ಲ? ಅದು ಬಂದು ತಗೊಳ್ಳಲಿ ಅಂತ ನಮ್ಮ ಯಂತ್ರಗಳು ಲಾಗನ್ನೆಲ್ಲ ಎತ್ತಿಟ್ಕೊಂಡು ಕಾಯ್ತಿವೆ."

ನನಗೆ ನಗು ಬಂತು. ಗಂಡ ಬಂದ ಮೇಲೆ ಉಣ್ಣೋಣ ಅಂತ ತಟ್ಟೆ ಮುಚ್ಚಿಟ್ಟು ಕೂತವಳ ಹಾಗೆ. ಗಂಡ ಊರಲ್ಲೇ ಇಲ್ಲ ಅಂತ ಯಾರೂ ಹೇಳಿಲ್ಲ.

"ಹಾಗಾದ್ರೆ ಕಾಯೋದು ಬೇಡ ಅಂತ ಹೇಳು," ಅಂದೆ ನಾನು. ಫೋನಿನವರಿಗೂ ಕೇಳಿಸಿತು.

"ಹೇಳಬಹುದು ಅತ್ತೆ. ಆದರೆ ಅಲ್ಲಿಯವರು ಅರ್ಧ ಯಂತ್ರ ಆನ್ ಮಾಡಿ ಕೂತಿದ್ರೆ? ಮಧ್ಯದಲ್ಲಿ ತುಂಡಾದ ಪಟ್ಟಿ ಅವರ ಹತ್ರ ಉಳಿಯುತ್ತೆ, ಅದೇ ಸರಿ ಅಂದ್ಕೊಂಡು ನಡೆಸ್ತಾರೆ. ಇಲ್ಲದ ಔಷಧಿ ಇದೆ ಅಂತ ತೋರಿಸುತ್ತೆ. ಅಲ್ಲಿಯ ಟೆಕ್ನಿಷಿಯನ್‌ನ ಕೇಳದೆ ಮುಟ್ಟಲ್ಲ ನಾನು."

ಟೆಕ್ನಿಷಿಯನ್ ಫೋನ್ ಸ್ವಿಚ್ ಆಫ್. ಮ್ಯಾನೇಜರ್ ಮಾಡಿದರು, ಆಫ್. ಕೆಮ್ಮುವವನು ಮಾಡಿದ, ಆಫ್. ಗಂಟೆ ಹತ್ತೂ ಇಪ್ಪತ್ತು. ಅಂಕಿ ತೊಂಬತ್ತೇಳಾಯಿತು.

"ಬಿಟ್ಟುಬಿಡು ಅವನ ನಂಬರನ್ನ," ಅಂದೆ. "ಮನುಷ್ಯ ಇರೋ ಜಾಗದ ನಂಬರ್ ಹುಡುಕಬೇಕು. ಆ ಹಳೇ ಕಟ್ಟಡದ ಲ್ಯಾಂಡ್‌ಲೈನ್ ಕೊಡು ನನಗೆ."

ಸೊಸೆ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಚೀಟಿಯಲ್ಲಿ ಬರೆದು ಕೊಟ್ಟಳು.

ಮೂವತ್ತೊಂದು ವರ್ಷದ ಅನ್ನದ ಋಣ ಬೆರಳಿನಿಂದ ಎಲ್ಲಿ ಹೋಗುತ್ತದೆ? ನನ್ನ ಫೋನಿನಿಂದ ಮಾಡಿದೆ, ಹಳೇ ಕಟ್ಟಡದಲ್ಲಿ ಕಾವಲಿನವನು ಎತ್ತಿದ. ಎಲ್ಲ ಖಾಲಿ, ಬೆಳಗ್ಗೆಯೇ ಕೊನೇ ಲಾರಿ ಹೋಯಿತು ಅಂದ. ಯಾವ ಲಾರಿ? ಗೊತ್ತಿಲ್ಲ. "ಗೊತ್ತಿಲ್ಲ ಅನ್ನಬೇಡಪ್ಪ. ಗೇಟಿನ ಪುಸ್ತಕದಲ್ಲಿ ಬರೆದಿರ್ತೀಯಾ. ನಾನು ಲೈನಲ್ಲೇ ಇರ್ತೀನಿ, ಹೋಗಿ ನೋಡ್ಕೊಂಡು ಬಾ," ಅಂದೆ. ಬಂದು ಸಾಗಣೆಯವರ ಹೆಸರು ಹೇಳಿದ. ಸಾಗಣೆ ಆಫೀಸಿನಲ್ಲಿ ಎತ್ತಿದ ಹೆಂಗಸು ಡ್ರೈವರ್ ನಂಬರ್ ಕೊಡಲು ಆಗುವುದಿಲ್ಲ ಅಂದಳು. ಕೊಡಬೇಡಮ್ಮ, ನೀನೇ ಕನೆಕ್ಟ್ ಮಾಡು, ನಾನೂ ಇದೇ ಕೆಲಸ ಮಾಡಿದವಳು ಅಂದೆ. "ಹೌದಾ ಅಮ್ಮಾ, ಎಷ್ಟು ವರ್ಷ?" ಅಂತ ಕೇಳಿ, ಉತ್ತರ ಕೇಳಿಸಿಕೊಂಡು, ಕನೆಕ್ಟ್ ಮಾಡಿದಳು. ಡ್ರೈವರ್ ಹಾರ್ನ್‌ಗಳ ನಡುವೆ ಕಿರುಚಿದ, "ಕಂಪ್ಯೂಟರ್ ಸಾರಾ? ನನ್ನ ಪಕ್ಕದಲ್ಲೇ ಇದಾರೆ, ನಿದ್ದೆ ಹೊಡೀತಿದಾರೆ!"

"ಎಬ್ಬಿಸು," ಅಂದೆ. ಅಷ್ಟಾಗುವಾಗ ಹನ್ನೆರಡು ನಿಮಿಷ.

ಫೋನನ್ನು ಸೊಸೆಯ ಕೈಗೆ ಕೊಟ್ಟೆ. ಅವಳು ಮೊದಲು ಕೇಳಿದ್ದು, "ಯಂತ್ರ ಎಲ್ಲಿವೆ?"

"ಎಲ್ಲಾ ಪೆಟ್ಟಿಗೆಯಲ್ಲಿ ಮೇಡಂ, ಹಿಂದೆ ಇವೆ. ಸೋಮವಾರಕ್ಕೆ ಮುಂಚೆ ಒಂದೂ ಆನ್ ಆಗಲ್ಲ. ನನ್ನ ಫೋನ್ ಚಾರ್ಜ್ ಹೋಗಿತ್ತು, ಯಾಕೆ, ಏನಾಯ್ತು?"

"ನಿಮಗೋಸ್ಕರ ಲಾಗ್ ಕಾದಿಡೋದನ್ನ ಈಗ ನಿಲ್ಲಿಸ್ತಿದೀನಿ. ಸೋಮವಾರ ಆನ್ ಮಾಡಿದಾಗ ನಿಮ್ಮ ಹಳೇ ಪಟ್ಟಿ ನಂಬಬೇಡಿ. ಪೂರ್ತಿ ಅಳಿಸಿ, ನಮ್ಮಿಂದ ಹೊಸದಾಗಿ ಇಡೀ ನಕಲು ತಗೊಳ್ಳಿ. ನಾನು ಹೇಳಿದ್ದನ್ನ ಒಂದು ಸಲ ನೀವು ಹೇಳಿ."

ಅವನು ತಿರುಗಿ ಹೇಳಿದ, ಅಕ್ಷರ ಬಿಡದೆ. ಹೇಳಿದ್ದನ್ನು ಹೇಳಿಸುವುದು ನಮ್ಮ ಎಕ್ಸ್‌ಚೇಂಜಿನ ಪದ್ಧತಿ. ಅವಳಿಗೆ ಇದನ್ನು ಯಾರು ಕಲಿಸಿದರೋ, ನಾನಂತೂ ಕಲಿಸಿರಲಿಲ್ಲ.

ಅವಳು ಒಂದು ಸಾಲು ಬರೆದು ಕೀಲಿ ಒತ್ತಿದಳು. ಮೊದಲ ಪಟ್ಟೆ ತೊಂಬತ್ತೇಳರಲ್ಲಿ ಹಾಗೇ ನಿಂತಿತ್ತು. ತೊಂಬತ್ತಾರು. ಆಮೇಲೆ ಒಮ್ಮೆಗೇ ಐವತ್ತೆಂಟು. ಆಮೇಲೆ ಇಪ್ಪತ್ತಮೂರು. ಕೆಂಪು ಹೋಗಿ ಹಸಿರಾಯಿತು. ಎರಡನೆಯದು, ಮೂರನೆಯದು, ಹೀಗೆ ಆರೂ. ಹತ್ತೂ ಮುಕ್ಕಾಲಿಗೆಲ್ಲ ಮುಗಿಯಿತು. ಯಾವ ಡಾಕ್ಟರಿಗೂ, ಯಾವ ರೋಗಿಗೂ ಗೊತ್ತಾಗಲೇ ಇಲ್ಲ.

"ಅಮ್ಮಾ," ಅಂದರು ಮ್ಯಾನೇಜರ್ ಫೋನಿನಲ್ಲಿ. ನಾನು ಸೊಸೆಗೆ ಅಂದುಕೊಂಡೆ. "ದೊಡ್ಡಮ್ಮಾ, ನಿಮಗೇ ಹೇಳ್ತಿರೋದು. ನೀವು ನಮ್ಮಲ್ಲಿ ಸೇರ್ಕೋತೀರಾ?"

"ಮೊದಲು ನನ್ನ ಸೊಸೆಗೆ ಚಹಾ ಕುಡಿಯೋಕೆ ಬಿಡಿ," ಅಂದೆ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳಿಗೆ ನನ್ನ ಪ್ಲಗ್‌ನ ಕಥೆ ಹೇಳಿದೆ. ನನ್ನ ಗಂಡನಿಗೂ ಹೇಳಿರಲಿಲ್ಲ. ಅವಳು ತುತ್ತು ಕೈಯಲ್ಲಿ ಹಿಡಿದೇ ಕೇಳಿದಳು. "ಅವರು ಈಗ ಎಲ್ಲಿದಾರೆ ಅತ್ತೆ? ಹುಡುಕೋಣ್ವಾ?" ಅಂದಳು.

"ಹೋಗಿಬಿಟ್ಟಳು. ಐದು ವರ್ಷ ಆಯ್ತು."

ಅವಳು ಸಮಾಧಾನದ ಮಾತು ಹೇಳಲಿಲ್ಲ. ಪರವಾಗಿಲ್ಲ ಬಿಡಿ ಅನ್ನಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು, ಅಷ್ಟೆ. ಅದಕ್ಕೂ ಅವಳು ನನಗೆ ಹಿಡಿಸಿದಳು.

ಮರುದಿನ ಅವಳು ವರದಿ ಬರೆದಳು. ಇನ್ನು ಮುಂದೆ ಏನೇನು ಮಾಡಬೇಕು ಅಂತ: ಕಮಿಟ್ ಕೆಲವೇ ಸೆಕೆಂಡಿಗೊಮ್ಮೆ ತಾನಾಗೇ ಆಗಬೇಕು, ಯಾರಾದರೂ ಆಫ್ ಮಾಡಿದರೆ ಒಂದು ಗಂಟೆಯಲ್ಲಿ ತಾನಾಗೇ ಆನ್ ಆಗಬೇಕು, ಲಾಗ್ ಅರ್ಧ ಡಿಸ್ಕ್ ದಾಟಿದರೆ ಎಲ್ಲರ ಫೋನೂ ಹೊಡೆದುಕೊಳ್ಳಬೇಕು, ಅವಳಿ ಒಂದು ದಿನಕ್ಕಿಂತ ಹೆಚ್ಚು ಕಾಣದಿದ್ದರೆ ಯಾರಾದರೂ ಮನುಷ್ಯರನ್ನು ಕೇಳಬೇಕು. ಮ್ಯಾನೇಜರ್ ಓದಿ ಫೋನ್ ಮಾಡಿದರು.

"ಎಲ್ಲ ಚೆನ್ನಾಗಿದೆ. ಮೊದಲನೇ ಸಾಲು ಮಾತ್ರ... 'ಸೆಟ್ಟಿಂಗನ್ನು ನಾನು ಆಫ್ ಮಾಡಿ ಮರೆತೆ' ಅಂತ ಯಾಕೆ? ಮೇಲಿನವರು ಓದ್ತಾರೆ. 'ಸೆಟ್ಟಿಂಗ್ ಆಫ್ ಆಗಿತ್ತು' ಅಂತ ಬರೆದ್ರೆ ಸಾಕಲ್ವಾ?"

"ಅದರಷ್ಟಕ್ಕೆ ಅದು ಆಫ್ ಆಗಲ್ಲ ಸಾರ್. ಆಗಿತ್ತು ಅಂತ ಬರೆದ್ರೆ ಓದಿದವರು ಯಂತ್ರದಲ್ಲಿ ತಪ್ಪು ಹುಡುಕ್ತಾರೆ. ಇಲ್ಲಾಂದ್ರೆ ಆ ದಿನದ ಡ್ಯೂಟಿ ಪಟ್ಟಿ ನೋಡ್ತಾರೆ."

ಅವರು ಆ ಸಾಲನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿ, "ಹಾಗೇ ಇರಲಿ ಬಿಡು," ಅಂದರು. ಆ ಸಾಲು ಹಾಗೇ ಹೋಯಿತು.

ಸೋಮವಾರ ಅವಳಿ ಯಂತ್ರಗಳು ಎದ್ದವು. ಇಡೀ ನಕಲು ಹೋಗಲು ಒಂಬತ್ತು ಗಂಟೆ ಹಿಡಿಯಿತಂತೆ, ಎಲ್ಲೂ ತಡವರಿಸಲಿಲ್ಲ. ತಿಂಗಳು ಕಳೆದು ಪ್ಲಾಸ್ಟರ್ ಬಿಚ್ಚಿದರು. ಅವಳು ಕುಂಟುತ್ತಲೇ ಆಫೀಸಿಗೆ ಹೋದಳು. ಆ ವಾರದಲ್ಲೇ ಎರಡೂ ಊರಿನ ಯಂತ್ರಗಳ ಜವಾಬ್ದಾರಿಯನ್ನು ಅವಳಿಗೆ ಒಪ್ಪಿಸಿದರು. ಹೊಸ ಹೆಂಗಸು, ನನಗೆ ಇವರ ಜೊತೆಯಲ್ಲೇ ಕೆಲಸ ಕೊಡಿ ಅಂತ ಕೇಳಿ ಹಾಕಿಸಿಕೊಂಡಳಂತೆ.

ಮೊನ್ನೆ ಮೆಟ್ಟಿಲಲ್ಲಿ ಮೇಲಿನ ಮನೆಯಾಕೆ ಸಿಕ್ಕಿದಳು. ಎರಡು ಕೈಯಲ್ಲೂ ಸಾಮಾನಿನ ಚೀಲ. "ಏನ್ರೀ, ನಿಮ್ಮ ಸೊಸೆಗೆ ಬಡ್ತಿ ಬಂತಂತೆ?" ಅಂದಳು. ನಾನು ಆಕೆಯ ಚೀಲ ಕೆಳಗಿಡಿಸಿ ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಕಮಿಟ್ ಅಂದರೇನು, ಲಾಗ್ ಅಂದರೇನು ಅಂತ ಬಿಡಿಸಿ ಹೇಳಿದೆ. ಆಕೆ ಎರಡು ಸಲ ಗಡಿಯಾರ ನೋಡಿಕೊಂಡಳು.

"ಅಲ್ಲಾ, ತಪ್ಪು ಮಾಡಿದ್ದು ಅವಳೇ ಅಂದ್ರಲ್ಲ?" ಅಂದಳು ಕೊನೆಗೆ.

"ಹೌದು," ಅಂದೆ. "ಅದನ್ನ ಎಲ್ಲರೆದುರು ಹೇಳಿದ್ದೂ ಅವಳೇ."

ಆಕೆಯ ತಲೆಗೆ ಹೋದ ಹಾಗೆ ಕಾಣಲಿಲ್ಲ. ಚೀಲ ಎತ್ತಿಕೊಂಡು ಮೇಲೆ ಹತ್ತಿದಳು. ಸಂಜೆ ಸೊಸೆ ಬಂದವಳೇ, "ಅತ್ತೆ, ಊರಿಗೆಲ್ಲ ಡಂಗುರ ಹೊಡೀತಿದೀರಂತೆ? ಮೇಲಿನವರು ಗೇಟಿನಲ್ಲಿ ಹಿಡಿದು ಕಮಿಟ್ ಅಂದ್ರೇನು ಅಂತ ಕೇಳಿದ್ರು, ನಾಚಿಕೆ ಆಗುತ್ತೆ ನನಗೆ," ಅಂದಳು.

"ಹೊಡೀತೀನಿ," ಅಂದೆ. "ನೀನು ನಾಚ್ಕೋ ಬೇಕಾದ್ರೆ."